ಹಲ್ಲಿನ ಗುರುತು ಬಿದ್ದ ಲಾಳಿ

“ನನ್ನ ಕಣ್ಣು ಕೆಟ್ಟಿರ್ಲಿಲ್ಲ ಕಣ್ರಮ್ಮಾ, ಅದನ್ನ ಮೊದ್ಲೇ ಹೇಳ್ಬುಡ್ತೀನಿ. ಹತ್ತೊಂಬತ್ತು ವರ್ಸದಿಂದ ಬನಿಯನ್ ಕಂಪನೀಲಿ ಚೆಕಿಂಗ್ ಮಾಡ್ತಿರೋಳು ನಾನು. ಸಾಸಿವೆ ಕಾಳಷ್ಟು ಎಣ್ಣೆ ಕಲೆ ಇದ್ರೂ ನನ್ನ ಬೆರಳು ಅಲ್ಲಿಗೇ ಹೋಗಿ ನಿಲ್ತದೆ. ಒಂದು ಹೊಲಿಗೆ ಹಾರಿದ್ರೂ, ಒಂದು ಸೂಜಿ ತೂತು ಬಿದ್ದಿದ್ರೂ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಿ ಪಕ್ಕಕ್ಕೆ ಎಸೀತೀನಿ. ಆ ನೇರಳೆ ಬಣ್ಣದ ಅಂಗಿಗಳ ಲಾಟು ನಾಲ್ಕು ದಿನ ನನ್ನ ಕೈಮೇಲೇ ಹೋಯ್ತು. ಪ್ರತಿ ಪೀಸಿನ ಬೆನ್ನ ಮೇಲೂ ನಾಲ್ಕು ಚಿತ್ರ. ನೋಡ್ದೆ. ನೋಡ್ದೆ ಅಂದ್ರೆ ಏನು? ಬಣ್ಣ ಒಡ್ದಿದೆಯಾ, ಗೆರೆ ಅಲುಗಿದೆಯಾ, ಅಷ್ಟೇ. ಚಿತ್ರ ಏನ್ ಹೇಳ್ತದೆ ಅಂತ ನೋಡೋದು ನಮ್ಮ ಕೆಲ್ಸ ಅಲ್ವಲ್ಲ. ಇಕಾ, ಇದು ಲಾಳಿ. ನನ್ನ ತಮ್ಮನ ಮಗ್ಗದ್ದು. ಮುಟ್ಟಿ ನೋಡಿ, ಹೆದ್ರಬೇಡಿ. ಇಲ್ಲಿ ಗುಳಿ ಗುಳಿ ಬಿದ್ದದೆಯಲ್ಲ, ಅದು ಹಲ್ಲಿನ ಗುರುತು. ಇದು ನನ್ನ ತಮ್ಮಂದು. ಇವೆರಡು ಯಾರೋ ದಾರೀಲಿ ಬಿದ್ದೋರದ್ದು. ಹೊಸ್ದಾಗಿ ಕಾಣ್ತದಲ್ಲ, ಅದು ಕೃತ್ತಿಕಾ ಅನ್ನೋ ಹುಡುಗೀದು. ಮೂವತ್ತೆರಡು ವರ್ಸ ಇದನ್ನ ಚೀಲದಲ್ಲಿ ಇಟ್ಕೊಂಡು ತಿರುಗ್ದೆ. ಯಾರಾದ್ರೂ ಬಿದ್ರೆ ಉಳಿಸ್ತೀನಿ ಅಂತ. ಉಳಿಸ್ತೀನಿ ಅಂತ ಕಣ್ರಮ್ಮಾ.”

ಇದು ಬೇರೆ ಬೇರೆ ಕಂಪನಿಗಳಿಗೆ ಹೋಗಿ ಅಲ್ಲಿನ ಹೆಂಗಸರ ಮುಂದೆ ನಾಚಿಯಮ್ಮ ಹೇಳುವ ಮಾತು. ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ಟೀ ಬಿಡುವು ಹದಿನೈದು ನಿಮಿಷ. ಅಷ್ಟರೊಳಗೆ ಲಾಳಿಯನ್ನು ಕೈಯಿಂದ ಕೈಗೆ ದಾಟಿಸಿ, ನೇರಳೆ ಬಣ್ಣದ ಒಂದು ಅಂಗಿಯನ್ನು ಬೆನ್ನು ಮೇಲಾಗಿ ಹಾಸಿ, ನಾಲ್ಕು ಚಿತ್ರವನ್ನೂ ಬೆರಳಿಟ್ಟು ತೋರಿಸಿ ಮುಗಿಸಬೇಕು. ಹೊರಗೆ ಈ ಮಾತನ್ನೆಲ್ಲ ಅವಳು ತಮಿಳಿನಲ್ಲಿ ಹೇಳುತ್ತಾಳೆ. ಎದುರಿಗೆ ಮನೆಮಾತಿನವರು ಕಂಡರೆ ಮಾತ್ರ ಕನ್ನಡಕ್ಕೆ ಹೊರಳುತ್ತಾಳೆ. ಯಾವ ಭಾಷೆಯಲ್ಲಿ ಹೇಳಿದರೂ “ಉಳಿಸ್ತೀನಿ ಅಂತ” ಎಂಬಲ್ಲಿಗೆ ಬಂದಾಗ ಅವಳು ಇವತ್ತಿಗೂ ಲಾಳಿಯನ್ನು ಒಮ್ಮೆ ತನ್ನ ಕೈಗೇ ವಾಪಸು ತೆಗೆದುಕೊಳ್ಳುತ್ತಾಳೆ.

ಅವಳು ಹುಟ್ಟಿದ್ದು ಉಡುಮಲೈಪೇಟೆಯ ಪಕ್ಕದ ಊರಿನಲ್ಲಿ, ನೇಯುವವರ ಬೀದಿಯಲ್ಲಿ. ಹೊಸ್ತಿಲ ಒಳಗೆ ಕನ್ನಡ, ಹೊಸ್ತಿಲ ಆಚೆ ತಮಿಳು. ಪ್ರತಿ ಮನೆಯಲ್ಲೂ ನೆಲಕ್ಕೆ ಗುಂಡಿ ತೋಡಿ ಕೂರಿಸಿದ ಮಗ್ಗ. ತಮ್ಮ ತಿರುಮೂರ್ತಿ ಅವಳಿಗಿಂತ ಐದು ವರ್ಷ ಚಿಕ್ಕವನು. ಹನ್ನೆರಡನೇ ವಯಸ್ಸಿನಲ್ಲಿ ಅವನಿಗೆ ಮೂರ್ಛೆ ಶುರುವಾಯಿತು. ಬೀದಿಯವರು ಅದನ್ನು ತಮಿಳಿನಲ್ಲಿ ‘ವಲಿಪ್ಪು’ ಅನ್ನುತ್ತಿದ್ದರು, ಅದೂ ದನಿ ತಗ್ಗಿಸಿ.

ಮೂರ್ಛೆ ಬಂದಾಗ ಬೇರೆ ಬೀದಿಯವರು ಕೈಗೆ ಬೀಗದ ಕೈ ಕೊಡುತ್ತಾರೆ. ನೇಯುವವರ ಮನೆಯಲ್ಲಿ ಕೊಡುವುದು ಲಾಳಿ. ಮಗ್ಗದಲ್ಲಿ ಎಡಕ್ಕೂ ಬಲಕ್ಕೂ ಓಡಿ ನೂಲು ಹಾಯಿಸುವ, ದೋಣಿಯಂಥ ಮರದ ತುಂಡು ಅದು. ಎರಡು ತುದಿಗೂ ಕಬ್ಬಿಣದ ಮೂತಿ. ಕಬ್ಬಿಣವೂ ಆಯಿತು, ಅನ್ನ ಕೊಡುವ ದೇವರೂ ಆಯಿತು. ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಸಾಮಾನು. ಅದನ್ನು ಕೈಯಲ್ಲಿ ಹಿಡಿಸಿದರೆ ಸೆಳೆತ ಬಿಡುತ್ತದೆ, ಹಲ್ಲಿನ ನಡುವೆ ಕೊಟ್ಟರೆ ನಾಲಿಗೆ ಉಳಿಯುತ್ತದೆ ಎಂದು ಆ ಬೀದಿಯಲ್ಲಿ ಎಲ್ಲರೂ ನಂಬಿದ್ದರು. ನಾಚಿಯಮ್ಮನ ತಾಯಿ ಹಾಗೇ ಮಾಡುತ್ತಿದ್ದಳು. ತಾಯಿ ಹೋದ ಮೇಲೆ ಆ ಕೆಲಸ ನಾಚಿಯಮ್ಮನ ಪಾಲಿಗೆ ಬಂತು.

ತಿರುಮೂರ್ತಿಗೆ ಇಪ್ಪತ್ತನಾಲ್ಕು ತುಂಬಿದ ವರ್ಷ, ಒಂದು ಮಧ್ಯಾಹ್ನ, ಅವನು ಮಗ್ಗದ ಮುಂದೆ ಕೂತಲ್ಲಿಂದಲೇ ಹಿಂದಕ್ಕೆ ಬಿದ್ದ. ನಾಚಿಯಮ್ಮ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದವಳು ಓಡಿಬಂದಳು. ನಾಲ್ಕು ಜನ ಕೈಕಾಲು ಅದುಮಿ ಹಿಡಿದರು. ಅವನನ್ನು ಅಂಗಾತ ಮಲಗಿಸಿ, ಗಂಟಲವರೆಗೂ ಹೋದರೂ ಪರವಾಗಿಲ್ಲ ಅನ್ನುವಂತೆ ಲಾಳಿಯನ್ನು ಬಾಯಿಗೆ ತುರುಕಿದಳು. ಆವತ್ತು ಸೆಳೆತ ನಿಂತಿತು, ಅದರ ಜೊತೆಗೆ ಉಸಿರೂ ನಿಂತಿತು.

“ಅಕ್ಕ ಆಗಿ ಮಾಡ್ಬೇಕಾದ್ದೆಲ್ಲ ಮಾಡ್ದೆ ಮಗಾ, ನಿನ್ ಮೇಲೆ ಏನೂ ತಪ್ಪಿಲ್ಲ” ಎಂದು ಬೀದಿಯೆಲ್ಲ ಅವಳ ತಲೆ ಸವರಿತು. ಅವಳಿಗೆ ಉಳಿದದ್ದು ಒಂದೇ ಕೊರಗು: ಪಾತ್ರೆ ಬಿಟ್ಟು ಇನ್ನೂ ಬೇಗ ಓಡಿಬಂದಿದ್ದರೆ, ಇನ್ನೂ ಬೇಗ ಲಾಳಿ ಕೊಟ್ಟಿದ್ದರೆ ತಮ್ಮ ಉಳಿಯುತ್ತಿದ್ದ. ಆಮೇಲೆ ಮಗ್ಗ ಹೋಯಿತು, ಗಂಡ ಹೋದ, ಮಗಳನ್ನು ಮೆಟ್ಟುಪಾಳ್ಯಂಗೆ ಕೊಟ್ಟಾಯಿತು. ತಿರುಪ್ಪೂರಿಗೆ ಬಂದು ಚೆಕಿಂಗ್ ಕೆಲಸಕ್ಕೆ ಸೇರಿದಾಗ ಊಟದ ಡಬ್ಬಿಯ ಚೀಲದಲ್ಲಿ ಆ ಲಾಳಿಯೂ ಬಂತು. ಬಸ್ ಸ್ಟ್ಯಾಂಡಿನಲ್ಲಿ ಒಮ್ಮೆ, ಸಂತೆಯಲ್ಲಿ ಒಮ್ಮೆ, ಬಿದ್ದವರ ಬಾಯಿಗೆ ಅದನ್ನು ಕೊಟ್ಟಳು. ಇಬ್ಬರೂ ಎದ್ದು ಕೂತರು. ಲಾಳಿಯಿಂದಲೇ ಎದ್ದರು ಎಂದು ಅವಳು ನಂಬಿದಳು. ಚೆಕಿಂಗ್ ಟೇಬಲ್ಲಿನ ಹೆಂಗಸರು, “ನಾಚಿಯಕ್ಕನ ಚೀಲದಲ್ಲಿ ಸೋರೇಕಾಯಿ ಪಲ್ಯ ಇಲ್ಲದೆ ಇರಬಹುದು, ಆ ಮರದ ದೋಣಿ ಮಾತ್ರ ಇರ್ತದೆ” ಎಂದು ನಗುತ್ತಿದ್ದರು. ನಗುತ್ತಲೇ ಅವರಿಗೂ ಒಂದು ಧೈರ್ಯ.

ಕೃತ್ತಿಕಾ ಆ ಟೇಬಲ್ಲಿಗೆ ಬಂದು ಒಂದೂವರೆ ವರ್ಷವಾಗಿತ್ತು. ಅವಳೂ ಉಡುಮಲೈ ಕಡೆಯವಳೇ, ಮನೆಮಾತೂ ಒಂದೇ. ಗಂಡ ನವನೀತನ್ ಬೇರೊಂದು ಕಂಪನಿಯಲ್ಲಿ ಬಟ್ಟೆ ಕತ್ತರಿಸುವವನು. ಇಬ್ಬರೂ ನಾಚಿಯಮ್ಮನಿದ್ದ ಲೈನ್ ಮನೆಗಳ ಸಾಲಿನಲ್ಲೇ, ಎರಡು ಬಾಗಿಲಾಚೆ ಇದ್ದರು. ಕಂಪನಿಗೆ ಕರೆತಂದು ಸೇರಿಸಿದ್ದು ನಾಚಿಯಮ್ಮನೇ. ಹನ್ನೆರಡನೇ ತರಗತಿ ಓದಿದ ಹುಡುಗಿ, ಮಾತು ಕಡಿಮೆ. ಪ್ರತಿ ದಿನ ಬೆಳಗಿನ ಟೀಗೆ ಮುಂಚೆ ಒಂದು ಮಾತ್ರೆ ನುಂಗುತ್ತಿದ್ದಳು. ಕೇಳಿದರೆ “ರಕ್ತ ಕಮ್ಮಿ ಅದಕ್ಕೆ, ದೊಡ್ಡವ್ವ” ಅನ್ನುತ್ತಿದ್ದಳು.

ಕಾರ್ತಿಕ ಮಾಸದಲ್ಲಿ ಆ ನೇರಳೆ ಲಾಟು ಬಂತು. ನೇರಳೆ ಹಣ್ಣು ಹಿಂಡಿದಂಥ ಬಣ್ಣದ ಟೀ ಶರ್ಟು. ಎದೆ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು, ಬೆನ್ನ ಮೇಲೆ ನಾಲ್ಕು ಚೌಕದಲ್ಲಿ ನಾಲ್ಕು ಚಿತ್ರ. ಒಂದರಲ್ಲಿ ಗಡಿಯಾರ. ಒಂದರಲ್ಲಿ ಮಲಗಿದವನ ತಲೆ ಕೆಳಗೆ ದಿಂಬು. ಒಂದರಲ್ಲಿ ಪಕ್ಕಕ್ಕೆ ಹೊರಳಿ ಮಲಗಿದವನು. ಕೊನೆಯದರಲ್ಲಿ ಒಂದು ಮುಖ, ಬಾಯಿಯ ಹತ್ತಿರ ಚಮಚದಂಥದ್ದೇನೋ, ಅದರ ಮೇಲೆ ಅಡ್ಡಗೆರೆ.

“ಇದು ಯೋಗಾಸನ” ಎಂದಳು ಒಬ್ಬಳು.

“ಯೋಗಾಸನ ಅಲ್ಲ ಬಿಡು” ಎಂದಳು ಮುತ್ತಮ್ಮಾಳ್. ಟೇಬಲ್ಲಿನಲ್ಲಿ ಎಲ್ಲರನ್ನೂ ನಗಿಸುವವಳು ಅವಳೇ. “ಗಂಟೆ ಎಂಟಾದ್ರೂ ದಿಂಬು ಬಿಡ್ದೆ ಹೊರಳಾಡ್ತಾವ್ನೆ, ಎಬ್ಬಿಸಿದ್ರೆ ತಿಂಡಿ ಬೇಡ ಅಂತಾನೆ. ನಮ್ಮನೆಯವ್ನ ಫೋಟೋ ಇವ್ರಿಗೆ ಯಾರೇ ಕಳ್ಸಿದ್ದು?”

ಟೇಬಲ್ಲೆಲ್ಲ ನಕ್ಕಿತು. ನಾಚಿಯಮ್ಮನೂ ನಕ್ಕಳು. ಕೃತ್ತಿಕಾ ಮಾತ್ರ ತಲೆ ತಗ್ಗಿಸಿ, ಒಂದು ನೂಲಿನ ಕೊನೆಯನ್ನು ಎರಡು ಸಲ ಕತ್ತರಿಸಿದಳು. ಅದನ್ನು ನಾಚಿಯಮ್ಮ ಕಂಡಳು. ಕಂಡು, ಕೈ ತಪ್ಪಿರಬೇಕು ಅಂದುಕೊಂಡಳು.

ಶಿಪ್‌ಮೆಂಟಿಗೆ ದಿನ ಹತ್ತಿರವಾಗಿತ್ತು. ಎರಡು ದಿನ ಎಲ್ಲರಿಗೂ ಒಂದೂವರೆ ಶಿಫ್ಟು. ಮೂರನೇ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಕೃತ್ತಿಕಾ ಕೈಯಲ್ಲಿದ್ದ ಪೀಸನ್ನು ಮಡಿಸುತ್ತಿದ್ದವಳು ಹಾಗೇ ನಿಂತಳು. ಕರೆದರೆ ಓಗೊಡಲಿಲ್ಲ. ಒಂದು ಕೂಗು ಬಂತು, ಅದು ಅವಳ ದನಿಯೇ ಅಲ್ಲ. ಮರುಗಳಿಗೆ ನೇರಳೆ ಅಂಗಿಗಳ ರಾಶಿಯ ಮೇಲೆ ಬಿದ್ದು ಕೈಕಾಲು ಸೆಳೆಯತೊಡಗಿದಳು.

ಹೆಂಗಸರು ಚೀರಿಕೊಂಡು ಗೋಡೆಗೆ ಸರಿದರು. ನಾಚಿಯಮ್ಮ ಒಬ್ಬಳೇ ಮುಂದಕ್ಕೆ ಬಂದಳು. ಮೂವತ್ತೆರಡು ವರ್ಷದಿಂದ ಇದಕ್ಕೇ ಕಾದಿದ್ದವಳಂತೆ ಮಂಡಿಯೂರಿದಳು. “ಹಿಡ್ಕೊಳ್ರೇ! ಅದುಮಿ ಹಿಡ್ಕೊಳ್ರೇ!” ಅಂದಳು. ಅಂಗಾತ ಮಾಡಿಸಿದಳು. ಚೀಲದಿಂದ ಲಾಳಿ ತೆಗೆದಳು. ಕಚ್ಚಿಕೊಂಡಿದ್ದ ಹಲ್ಲಿನ ಸಾಲಿನ ಮೇಲೆ ಕಬ್ಬಿಣದ ಮೂತಿಯನ್ನಿಟ್ಟು, ಅಂಗೈಯಿಂದ ಗುದ್ದಿ ಒಳಕ್ಕೆ ತಳ್ಳಿದಳು. ಕಟ್ ಎಂದು ಸದ್ದಾಯಿತು. ಮುಂದಿನ ಹಲ್ಲೊಂದು ಮುರಿದು ತುಟಿ ಒಡೆಯಿತು, ರಕ್ತ ಬಂತು. ಕೃತ್ತಿಕಾ ಗೊರಗೊರ ಸದ್ದು ಮಾಡುತ್ತ ಕೆಮ್ಮಿದಳು, ಒಂದು ಗಳಿಗೆ ಅವಳ ಮುಖ ನೀಲಿಗಟ್ಟಿತು, ಆಮೇಲೆ ಅದೇ ಕೆಮ್ಮಿನಲ್ಲಿ ಹಲ್ಲಿನ ತುಣುಕು ಹೊರಗೆ ಬಿತ್ತು. ಸೆಳೆತ ತಾನಾಗಿಯೇ ನಿಂತಿತು. ಆಟೋ ತರಿಸಿ ಆಸ್ಪತ್ರೆಗೆ ಕಳಿಸಿದರು.

“ನಾಚಿಯಕ್ಕ ಇಲ್ಲದಿದ್ರೆ ಹೆಣ ಬೀಳ್ತಿತ್ತು” ಎಂದಳು ಮುತ್ತಮ್ಮಾಳ್. ಆವತ್ತು ಅವಳು ನಗಿಸಲಿಲ್ಲ. ಯಾರೋ ನಾಚಿಯಮ್ಮನಿಗೆ ಟೀ ತಂದುಕೊಟ್ಟರು. ಅವಳು ಲಾಳಿಯನ್ನು ಸೆರಗಿನಲ್ಲಿ ಒರೆಸಿ ಚೀಲಕ್ಕಿಟ್ಟಳು. ತಮ್ಮನಿಗೆ ಆಗದಿದ್ದದ್ದು ಈ ಹುಡುಗಿಗಾದರೂ ಆಯಿತಲ್ಲ ಎಂದು ಕಣ್ಣು ಹನಿಯಿತು.

ಸಂಜೆಗೆ ಸೂಪರ್‌ವೈಸರ್ ದೇವರಾಜನ್ ಬಂದು, ರಕ್ತ ತಾಗಿದ ಪೀಸುಗಳನ್ನು ಬೇರೆ ಮಾಡಿಸಿ, “ಆ ಹುಡುಗಿ ಇನ್ಮೇಲೆ ಬರೋದು ಬೇಡ. ಮೆಷಿನ್ ಮೇಲೆ ಬಿದ್ದಿದ್ರೆ ಯಾರು ಉತ್ತರ ಹೇಳೋದು?” ಎಂದು ಹೇಳಿ ಹೋದ. ಎಲ್ಲರೂ ಟೇಬಲ್ಲಿಗೆ ತಿರುಗಿದರು. ನಾಚಿಯಮ್ಮನೂ ತಿರುಗಿದಳು. ಜೀವ ಉಳಿದಿದೆಯಲ್ಲ, ಕೆಲಸ ಹೋದರೆ ಹೋಗಲಿ ಅಂದುಕೊಂಡಳು.

ಮರುದಿನ ಅದೇ ಲಾಟು. ಮಧ್ಯಾಹ್ನದ ಊಟಕ್ಕೆ ಸ್ವಲ್ಪ ಮುಂಚೆ ಒಂದು ಪೀಸಿನಲ್ಲಿ ಅವಳ ಬೆರಳು ನಿಂತಿತು. ಬೆನ್ನಿನ ಮೇಲೆ ಸೂಜಿ ತೂತು. ಕೆಂಪು ಬಾಣದ ಸ್ಟಿಕ್ಕರ್ ಕಿತ್ತು ತೂತಿನ ಪಕ್ಕ ಅಂಟಿಸಿದಳು. ಅಂಟಿಸಿದ ಮೇಲೆ ನೋಡಿದರೆ, ಬಾಣದ ಮೊನೆ ನಾಲ್ಕನೇ ಚಿತ್ರದ ಬಾಯಿಯನ್ನೇ ತೋರಿಸುತ್ತಿತ್ತು.

ಬಾಯಿ. ಬಾಯಿಗೆ ಹೋಗುತ್ತಿರುವ ಒಂದು ಉದ್ದನೆಯ ವಸ್ತು. ಅದರ ಮೇಲೆ ಅಡ್ಡಗೆರೆ.

ನಾಚಿಯಮ್ಮ ಪೀಸನ್ನು ದೂರ ಹಿಡಿದಳು, ಹತ್ತಿರ ಹಿಡಿದಳು. ಪಕ್ಕದ ಚೌಕದಲ್ಲಿ ಒಬ್ಬ ಬಿದ್ದಿದ್ದ. ಅವನ ತಲೆಯ ಕೆಳಗೆ ದಿಂಬಿಟ್ಟ ಎರಡು ಕೈ ಇದ್ದವು. ಆ ಕೈಗಳು ಅವನನ್ನು ಅದುಮಿರಲಿಲ್ಲ.

ಆ ಹೊತ್ತಿಗೆ ಪರದೇಶದ ಬಯ್ಯರ್ ಕಡೆಯಿಂದ ಮಾಲು ನೋಡಲು ಬಂದಿದ್ದ ಹುಡುಗಿ ಶೋಭನಾ ಕಿಟಕಿಯ ಹತ್ತಿರ ಕೂತು ಮೊಸರನ್ನ ತಿನ್ನುತ್ತಿದ್ದಳು. ಕೊಯಮತ್ತೂರಿನವಳು, ಇಂಗ್ಲಿಷ್ ಬಲ್ಲವಳು. ನಾಚಿಯಮ್ಮ ಅಂಗಿಯನ್ನು ಅವಳ ಮುಂದೆ ಹಿಡಿದಳು.

“ಅಮ್ಮಣಿ, ಇದು ಏನು ಅಂತ ಹೇಳ್ತೀಯಾ?”

“ತೂತು ತಾನೇ ಪಾಟಿ, ರಿಜೆಕ್ಟಿಗೆ ಹಾಕಿ” ಎಂದಳು ಶೋಭನಾ, ಅಜ್ಜಿಯನ್ನು ಕರೆಯುವ ತಮಿಳು ಮಾತಿನಲ್ಲಿ.

“ತೂತಲ್ಲ. ಚಿತ್ರ.”

ಶೋಭನಾ ಚಮಚ ಕೆಳಗಿಟ್ಟಳು. “ಇದು ವಲಿಪ್ಪು ಇರೋರ ಸಂಘದ್ದು ಪಾಟಿ. ದೇಶ ದೇಶದಲ್ಲೂ ಅವರ ಜೊತೆಗಾರರು ಇದ್ದಾರೆ. ಫೆಬ್ರವರಿಯಲ್ಲಿ ಒಂದು ಸೋಮವಾರ ಎಲ್ಲರೂ ಈ ಬಣ್ಣ ಹಾಕ್ಕೊಂಡು ನಡೀತಾರೆ. ಎದೆ ಮೇಲೆ ಬರೆದಿರೋದು, ನನಗೆ ಮೂರ್ಛೆರೋಗ ಇದೆ, ನಾನು ಬಿದ್ದರೆ ಹೀಗೆ ಮಾಡಿ ಅಂತ.”

“ಬೀದೀಲಿ ಹಾಕ್ಕೊಂಡು ಹೋಗ್ತಾರಾ? ಎಲ್ಲರಿಗೂ ಕಾಣೋ ಹಂಗೆ?”

“ಹೂಂ.”

“ಹೆಣ್ಣುಮಕ್ಕಳೂ?”

“ಹೆಣ್ಣುಮಕ್ಕಳೂ ಪಾಟಿ.”

ನಾಚಿಯಮ್ಮ ಅಂಗಿಯನ್ನು ತಿರುಗಿಸಿ ಎದೆಯ ಮೇಲಿನ ಅಕ್ಷರದ ಮೇಲೆ ಬೆರಳಾಡಿಸಿದಳು. ಅವಳ ಬೀದಿಯಲ್ಲಿ ದನಿ ತಗ್ಗಿಸಿ ಆಡುತ್ತಿದ್ದ ಮಾತನ್ನು ಯಾರೋ ಎದೆಯ ಮೇಲೆ ಅಚ್ಚು ಹಾಕಿಸಿಕೊಳ್ಳುತ್ತಿದ್ದರು. ಆ ಅಚ್ಚು ಹಾಕಿದ ಬಟ್ಟೆ ಅವಳ ಕೈಮೇಲೇ ಹೋಗುತ್ತಿತ್ತು.

ಶೋಭನಾ ಒಂದೊಂದಾಗಿ ಬೆರಳಿಟ್ಟಳು. “ಗಡಿಯಾರ ನೋಡ್ಕೊಳ್ಳಿ, ಐದು ನಿಮಿಷ ದಾಟಿದ್ರೆ ಆಸ್ಪತ್ರೆಗೆ. ತಲೆಗೆ ಏನಾದ್ರೂ ಮೆತ್ತಗಿರೋದು ಕೊಡಿ. ಅದುಮಿ ಹಿಡೀಬೇಡಿ. ಸೆಳೆತ ನಿಂತ ಕೂಡಲೇ ಪಕ್ಕಕ್ಕೆ ಹೊರಳಿಸಿ. ಬಾಯಿಗೆ ಏನೂ ಹಾಕ್ಬೇಡಿ.”

“ಏನೂ ಅಂದ್ರೆ? ಕಬ್ಬಿಣ?”

“ಏನೂ ಅಂದ್ರೆ ಏನೂ ಇಲ್ಲ ಪಾಟಿ. ಹಲ್ಲು ಮುರಿಯುತ್ತೆ, ಮುರಿದದ್ದು ಉಸಿರಿನ ದಾರಿಗೆ ಹೋಗಿ ಸಿಕ್ಕಿಕೊಳ್ಳಬಹುದು. ನಾಲಿಗೆ ಕಚ್ಚಿಕೊಂಡರೆ ವಾಸಿಯಾಗುತ್ತೆ. ಉಸಿರು ಹೋದರೆ ಬರುತ್ತಾ?”

ನಾಚಿಯಮ್ಮ ನೆಲಕ್ಕೆ ಕೂತಳು. ಕಿವಿಯಲ್ಲಿ ಆ ಕಟ್ ಎಂಬ ಸದ್ದು. ಆಮೇಲೆ ಅದಕ್ಕೂ ಹಿಂದಿನ ಇನ್ನೊಂದು ಮಧ್ಯಾಹ್ನ. ಅಂಗಾತ ಮಲಗಿದ ತಮ್ಮ, ಅವನ ಕೈಕಾಲು ಅದುಮಿದ ನಾಲ್ಕು ಜನ, ಬಾಯಿ ತುಂಬಾ ಲಾಳಿ. “ನನ್ನ ತಮ್ಮನಿಗೂ... ಅಮ್ಮಣಿ, ನನ್ನ ತಮ್ಮನಿಗೂ ನಾನೇ...” ಎಂದು ಶುರು ಮಾಡಿ ನಿಲ್ಲಿಸಿದಳು. ಶೋಭನಾಗೆ ಏನೂ ಅರ್ಥವಾಗಲಿಲ್ಲ. ನೀರಿನ ಬಾಟಲಿ ಮುಂದೆ ಹಿಡಿದಳು. ನಾಚಿಯಮ್ಮ ಕುಡಿಯಲಿಲ್ಲ. ಮೂವತ್ತೆರಡು ವರ್ಷ ಅವಳು ತಡವಾಯಿತೆಂದು ಅತ್ತಿದ್ದಳು. ಬೇಗ ಬಂದಿದ್ದೇ ತಪ್ಪಾಗಿರಬಹುದು ಎಂದು ಅವಳಿಗೆ ಒಂದು ದಿನವೂ ಹೊಳೆದಿರಲಿಲ್ಲ.

ಆ ರಿಜೆಕ್ಟ್ ಪೀಸನ್ನು ತನಗೆ ಕೊಡು ಎಂದು ಕೇಳಿದಳು. ಹೊರಗೆ ಕೊಡಬಾರದ ಮಾಲು. ಶೋಭನಾ ಅವಳ ಮುಖ ನೋಡಿ, ಕಂಪನಿಯ ಲೇಬಲ್ ಕತ್ತರಿಸಿ ಕೊಟ್ಟಳು.

ಸಂಜೆ ಕೃತ್ತಿಕಾಳ ಮನೆಗೆ ಹೋದಾಗ ನವನೀತನ್ ಬಾಗಿಲಲ್ಲೇ ಇದ್ದ. “ಬಾ ದೊಡ್ಡವ್ವ, ನೀನಿದ್ದೆ ಅಂತ ಉಳಿದ್ಳು” ಎಂದ. ಒಳಗೆ ಚಾಪೆಯ ಮೇಲೆ ಕೂತಿದ್ದ ಕೃತ್ತಿಕಾ ಎದ್ದು ಕಾಲು ಮುಟ್ಟಲು ಬಗ್ಗಿದಳು. ತುಟಿ ಊದಿತ್ತು, ಮುಂದೆ ಒಂದು ಹಲ್ಲಿನ ಜಾಗ ಖಾಲಿ.

ನಾಚಿಯಮ್ಮ ಹಿಂದಕ್ಕೆ ಸರಿದಳು. “ಮುಟ್ಬೇಡ. ಮೊದ್ಲು ಕೇಳು. ಆ ಹಲ್ಲು ಮುರ್ದಿದ್ದು ಬಿದ್ದಿದ್ದಕ್ಕಲ್ಲ. ನಾನು ಮುರ್ದೆ.” ಚೀಲದಿಂದ ಲಾಳಿ ತೆಗೆದು ನೆಲದ ಮೇಲಿಟ್ಟಳು. ಪಕ್ಕದಲ್ಲಿ ನೇರಳೆ ಅಂಗಿ ಹಾಸಿದಳು. ನಾಲ್ಕನೇ ಚಿತ್ರ ತೋರಿಸಿದಳು. “ಇದನ್ನ ಮಾಡ್ಬೇಡಿ ಅಂತ ಬರ್ದವ್ರೆ. ನಾನು ಅದನ್ನೇ ಮಾಡ್ದೆ. ನಂಗೆ ಗೊತ್ತಿರ್ಲಿಲ್ಲ ಮಗಾ.”

ಕೃತ್ತಿಕಾ ಲಾಳಿಯನ್ನೇ ನೋಡುತ್ತ ನಿಂತಳು. ಆಮೇಲೆ ಹೇಳಿದಳು, “ನಂಗೆ ಗೊತ್ತಿತ್ತು.”

“ಏನು ಗೊತ್ತಿತ್ತು?”

“ಚಿತ್ರ. ಮೊದಲ್ನೇ ಪೀಸು ಕೈಗೆ ಬಂದಾಗ್ಲೇ ಓದ್ದೆ. ಎದೆ ಮೇಲಿನ ಅಕ್ಷರಾನೂ ಓದ್ದೆ. ನೀವೆಲ್ಲ ನಗ್ತಾ ಇದ್ರಿ. ಇದು ವಲಿಪ್ಪು ಬಂದೋರಿಗೆ ಮಾಡೋದು ಅಂತ ನಾನು ಹೇಳಿದ್ರೆ, ನಿಂಗೆ ಹೆಂಗೆ ಗೊತ್ತು ಅಂತ ಯಾರಾದ್ರೂ ಕೇಳ್ತಿದ್ರು. ಮೂರು ದಿನ ಆ ಚಿತ್ರ ಮಡಿಸಿ ಮಡಿಸಿ ಇಟ್ಟೆ. ನಿನ್ನ ಚೀಲದಲ್ಲಿ ಆ ಮರದ ತುಂಡು ಇರೋದೂ ಗೊತ್ತಿತ್ತು. ಎದುರಿಗೇ ಕೂತಿದ್ದೆ.”

ಒಂದೇ ಟೇಬಲ್ಲಿನ ಆಚೆ ಈಚೆ ಅವರಿಬ್ಬರು. ಒಬ್ಬಳಿಗೆ ಅಕ್ಷರ ಬರುತ್ತಿತ್ತು, ಬಾಯಿ ಬಿಡುವ ಹಾಗಿರಲಿಲ್ಲ. ಇನ್ನೊಬ್ಬಳ ಚೀಲದಲ್ಲಿ ಲಾಳಿ ಕಾಯುತ್ತಿತ್ತು.

“ಮದುವೆಗೆ ಮುಂಚೆನೇ ನಂಗೆ ಹೇಳಿದ್ಳು” ಎಂದ ನವನೀತನ್, ಗೋಡೆ ನೋಡುತ್ತ. “ಪರ್ವಾಗಿಲ್ಲ ಅಂದೆ. ಊರಿಗೆ ಹೇಳ್ಬೇಡ ಅಂದಿದ್ದೂ ನಾನೇ. ಮಾತ್ರೆ ನುಂಗಿದ್ರೆ ಬರೋದಿಲ್ಲ. ಈ ಶಿಫ್ಟಿನ ಗಡಿಬಿಡೀಲಿ ಆಸ್ಪತ್ರೆ ಚೀಟಿ ಮುಗಿದು ಎರಡು ದಿನ ಮಾತ್ರೆ ತಪ್ತು. ನಿದ್ದೆಯೂ ಇಲ್ಲ. ನಿಂಗೊಬ್ಬಳಿಗಾದ್ರೂ ಹೇಳಿದ್ರೆ...”

“ಹೇಳಿದ್ರೂ ಲಾಳಿನೇ ತಗೀತಿದ್ದೆ” ಎಂದಳು ನಾಚಿಯಮ್ಮ. “ಇನ್ನೂ ಬೇಗ ತಗೀತಿದ್ದೆ.”

ಕೃತ್ತಿಕಾ ಮತ್ತೆ ಚಾಪೆಯ ಮೇಲೆ ಕೂತಳು. “ಹಲ್ಲು ಹೋದ್ರೆ ಹೋಗ್ಲಿ. ಕೆಲ್ಸ ಹೋಯ್ತಲ್ಲ. ಈಗ ಇಡೀ ಕಂಪನಿಗೆ ಗೊತ್ತು, ನಾಳೆ ಎಲ್ಲಾ ಕಂಪನಿಗೂ ಗೊತ್ತಾಗ್ತದೆ. ಬೀಳೋ ಹುಡುಗಿ ಅಂತ ಯಾರು ತಗೋತಾರೆ? ಅದನ್ನ ತಂದುಕೊಡ್ತೀಯಾ ನೀನು?” ಅಂದಳು. ಈ ಸಲ ದೊಡ್ಡವ್ವ ಅನ್ನಲಿಲ್ಲ.

ನಾಚಿಯಮ್ಮ ಅಂಗಿ ಮಡಿಸಿಕೊಂಡು ಎದ್ದಳು.

ಮೂರು ದಿನ ಬಿಟ್ಟು ಲಾಟಿನ ಕೊನೆಯ ಪರೀಕ್ಷೆ. ದೊಡ್ಡ ಟೇಬಲ್ಲಿನ ಮೇಲೆ ದೀಪ ಹಾಕಿ, ಶೋಭನಾ ಪೆಟ್ಟಿಗೆಯಿಂದ ಅಲ್ಲೊಂದು ಇಲ್ಲೊಂದು ಪೀಸು ಎತ್ತಿ ನೋಡುತ್ತಿದ್ದಳು. ದೇವರಾಜನ್ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ. ಆ ಹೊತ್ತಿನಲ್ಲಿ ಚೆಕಿಂಗಿನವರು ಹತ್ತಿರ ಹೋಗುವ ವಾಡಿಕೆ ಇಲ್ಲ. ನಾಚಿಯಮ್ಮ ಹೋದಳು.

“ಒಂದು ಪೀಸಲ್ಲಿ ತಪ್ಪು ಸಿಕ್ಕಿದೆ ಸಾಮಿ.”

“ಈಗ್ಲಾ?” ದೇವರಾಜನ್ ಹಲ್ಲು ಕಡಿದ. “ಹೋಗಿ ನಾಚಿಯಕ್ಕಾ, ಆಮೇಲೆ ನೋಡೋಣ.”

“ಎಲ್ಲಿ?” ಎಂದು ಶೋಭನಾ ತಲೆಯೆತ್ತಿದಳು.

ನಾಚಿಯಮ್ಮ ನೇರಳೆ ಅಂಗಿಯನ್ನು ದೀಪದ ಕೆಳಗೆ ಹಾಸಿದಳು. ಕೆಂಪು ಬಾಣ ಇನ್ನೂ ಅಲ್ಲೇ ಇತ್ತು. “ಇಲ್ಲಿ ಬರ್ದಿರೋದು ಒಂದು, ಇಲ್ಲಿ ನಡ್ದಿರೋದು ಒಂದು. ಅದಕ್ಕೆ ಬಾಣ ಅಂಟಿಸಿದೀನಿ. ಬಿದ್ದ ಹುಡುಗಿ ಬಾಯಿಗೆ ಈ ಲಾಟಿನ ಮೇಲೇ ನಾನು ಕಬ್ಬಿಣ ಹಾಕ್ದೆ. ಹಲ್ಲು ಮುರೀತು. ಅದು ನನ್ನ ತಪ್ಪು, ನನ್ನ ಆಚೆ ಹಾಕಿ. ಈ ಚಿತ್ರಾನ ಪೆಟ್ಟಿಗೇಲಿ ಹಾಕಿ ದೇಶ ದೇಶಕ್ಕೆ ಕಳಿಸ್ತೀರಿ, ಚಿತ್ರದಲ್ಲಿರೋ ಹಂಗೇ ಬಿದ್ದ ಹುಡುಗೀನ ಮನೆಗೆ ಕಳಿಸ್ತೀರಿ. ಅದು ಯಾವ ಸೀಮೆ ಚೆಕಿಂಗು ಸಾಮಿ?”

ಶೋಭನಾ ಮೆಲ್ಲಗೆ ಅಂಗಿ ಎತ್ತಿದಳು. ಆವತ್ತು ಪಾಟಿ ಯಾಕೆ ನೆಲಕ್ಕೆ ಕೂತಳೆಂದು ಅವಳಿಗೆ ಈಗ ತಿಳಿಯಿತು.

“ಯಾರು ಆ ಹುಡುಗಿ? ಕೆಲಸಕ್ಕೆ ಯಾಕೆ ಬರ್ತಾ ಇಲ್ಲ?” ಎಂದು ಅವಳು ದೇವರಾಜನ್‌ನನ್ನು ಕೇಳಿದಳು.

“ರಜೆ ಮೇಡಂ.” ಲಾಟು ಪಾಸಾಗಬೇಕಾದ್ದು ಅವಳ ಕೈಯಲ್ಲೇ; ಅವನು ಹಣೆ ಒರೆಸಿಕೊಂಡ. “ರಜೇಲಿ ಇದ್ದಾಳೆ.”

“ಯಾವಾಗ ಬರ್ತಾಳೆ?”

“ಸೋಮವಾರ ಮೇಡಂ.”

“ಸೋಮವಾರ ನಾನೂ ಬರ್ತೀನಿ” ಎಂದಳು ಶೋಭನಾ. ಹಾಗೆಂದು ಇನ್ನೊಂದು ಪೀಸು ಎತ್ತಿಕೊಂಡಳು.

ಸೋಮವಾರ ಕೃತ್ತಿಕಾ ಬಂದಳು. ದೇವರಾಜನ್ ಅವಳಿಗೆ ಟೇಬಲ್ಲಿನ ಅದೇ ಜಾಗ ತೋರಿಸಿದ. ಆವತ್ತಿನಿಂದ ಅವನು ನಾಚಿಯಮ್ಮನನ್ನು “ಏನ್ ವಕೀಲಮ್ಮಾ” ಎಂದೇ ಕರೆಯುತ್ತಾನೆ, ನಗುತ್ತಾನೋ ಉರಿಯುತ್ತಾನೋ ಗೊತ್ತಾಗುವುದಿಲ್ಲ. ಒಂದೂವರೆ ಶಿಫ್ಟ್ ಬಂದರೆ ಕೃತ್ತಿಕಾಳನ್ನು ಕೇಳುವುದಿಲ್ಲ. ಮುತ್ತಮ್ಮಾಳ್ ಒಂದು ಹಳೆ ದಿಂಬು ತಂದು ಟೇಬಲ್ಲಿನ ಕೆಳಗೆ ಇಟ್ಟಿದ್ದಾಳೆ. “ನಮ್ಮನೆಯವ್ನ ತಲೆ ಕೆಳಗಿಂದ ಎಳ್ಕೊಂಡು ಬಂದೆ, ಹಂಗಾದ್ರೂ ಎಂಟಕ್ಕೆ ಏಳ್ಲಿ” ಎಂದಳು. ಎಲ್ಲರೂ ನಕ್ಕಾಗ ಕೃತ್ತಿಕಾಳೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನಾಚಿಯಮ್ಮನ ಕಡೆ ಮಾತ್ರ ನೋಡಲಿಲ್ಲ.

ಸರ್ಕಾರಿ ಆಸ್ಪತ್ರೆಯಲ್ಲಿ ಕೃತ್ತಿಕಾಗೆ ಮಾತ್ರೆ ಬರೆದುಕೊಡುವ ಡಾಕ್ಟರಮ್ಮನ ಬಾಗಿಲಲ್ಲಿ ನಾಚಿಯಮ್ಮ ಒಮ್ಮೆ ತಾನೇ ಹೋಗಿ ಕಾದು ನಿಂತಳು. ಒಳಗೆ ಹೋಗಿ ತಮ್ಮನ ಕಥೆ ಹೇಳಿ, “ಅವನು ಲಾಳಿಯಿಂದಲೇ ಹೋದ್ನಾ?” ಎಂದು ಕೇಳಿದಳು. ಅವರು ಪೆನ್ನು ಕೆಳಗಿಟ್ಟು, “ಇರಬಹುದು, ಇಲ್ಲದೆಯೂ ಇರಬಹುದು. ಬರೀ ಮೂರ್ಛೆಯಿಂದಲೇ ಉಸಿರು ನಿಲ್ಲೋದೂ ಉಂಟು. ಈಗ ಯಾರೂ ಹೇಳೋಕೆ ಆಗಲ್ಲಮ್ಮ” ಎಂದರು. ಆ ಉತ್ತರವನ್ನು ಇಟ್ಟುಕೊಂಡು ಏನು ಮಾಡಬೇಕೆಂದು ನಾಚಿಯಮ್ಮನಿಗೆ ಇವತ್ತಿಗೂ ತಿಳಿದಿಲ್ಲ. ಲಾಳಿಯನ್ನು ಎಸೆಯಲು ಎರಡು ಸಲ ಹೊರಟಳು, ಎರಡು ಸಲವೂ ವಾಪಸು ತಂದಳು. ಆಮೇಲೆ ಅದನ್ನೂ ಅಂಗಿಯನ್ನೂ ಚೀಲದಲ್ಲಿಟ್ಟುಕೊಂಡು ಪಕ್ಕದ ಕಂಪನಿಗೆ ಟೀ ಹೊತ್ತಿನಲ್ಲಿ ಹೋದಳು. ಕಾವಲಿನವನು ಗೇಟಿನಲ್ಲೇ ತಡೆದ. ಅವನಿಗೇ ಮೊದಲು ತೋರಿಸಿದಳು. ಅವನು ಟೋಪಿ ತೆಗೆದು, ತನ್ನ ಅಕ್ಕನ ಮಗಳಿಗೂ ಇದೇ ಇದೆ, ಅವಳನ್ನು ಶಾಲೆ ಬಿಡಿಸಿದ್ದೇವೆ ಎಂದ. ಒಳಗೆ ಬಿಟ್ಟ.

ಹೀಗೆ ಇವತ್ತಿಗೆ ಹನ್ನೊಂದು ಕಂಪನಿಗಳಾಗಿವೆ. ಎರಡು ಕಡೆ ಬೈದು ಕಳಿಸಿದರು. ಒಂದು ಕಡೆ, ಮಾತು ಮುಗಿದ ಮೇಲೆ ಒಬ್ಬಳು ಗೋಡೆಯ ಹಿಂದೆ ಕರೆದು, ತಾನೂ ಮಾತ್ರೆ ನುಂಗುತ್ತೇನೆ ಎಂದು ಕಿವಿಯಲ್ಲಿ ಹೇಳಿದಳು.

ಭಾನುವಾರ ಲೈನ್ ಮನೆಗೆ ನೀರು ಬರುವ ದಿನ. ಬೆಳಿಗ್ಗೆ ಏಳಕ್ಕೆ ಕೊಳಾಯಿ ಗೊರಗುಟ್ಟಿತು, ಬಿಂದಿಗೆಗಳ ಸಾಲು ಮುಂದಕ್ಕೆ ಸರಿಯಿತು. ನಾಚಿಯಮ್ಮ ಒಗೆಯುವ ಕಲ್ಲಿನ ಮುಂದೆ ಕೂತು ಆ ವಾರದ ಧೂಳು ಮೆತ್ತಿದ ನೇರಳೆ ಅಂಗಿಗೆ ಸೋಪು ಹಚ್ಚುತ್ತಿದ್ದಳು. ಕೃತ್ತಿಕಾ ಕೊಳಾಯಿಯ ಹತ್ತಿರ ಬಿಂದಿಗೆ ಇಟ್ಟು ನಿಂತಿದ್ದಳು. ಎರಡು ತಿಂಗಳಿಂದ ಅವಳು ಈ ಕಡೆ ಒಂದು ಮಾತೂ ಆಡಿರಲಿಲ್ಲ.

“ದೊಡ್ಡವ್ವ, ಹಂಗೆ ತಿಕ್ಬೇಡ” ಎಂದಳು, ಬಿಂದಿಗೆಯ ಬಾಯಿ ನೋಡುತ್ತಲೇ. “ಚಿತ್ರ ಅಳಿಸಿ ಹೋಗ್ತದೆ. ಒಳಮಗ್ಗುಲು ಹೊರಗೆ ತಿರುಗ್ಸಿ ಒಗೀಬೇಕು.”

ನಾಚಿಯಮ್ಮನ ಕೈ ನಿಂತಿತು. ಬಿಂದಿಗೆ ತುಂಬಿತು. ಕೃತ್ತಿಕಾ ಅದನ್ನು ಸೊಂಟಕ್ಕೇರಿಸಿಕೊಂಡು ಮನೆಯೊಳಗೆ ಹೋದಳು. ನಾಚಿಯಮ್ಮ ಅಂಗಿಯ ಎರಡು ತೋಳಿನೊಳಗೂ ಕೈ ಹಾಕಿ, ಒಳಗಿನದನ್ನು ಹೊರಕ್ಕೆ ಎಳೆದು, ಸೋಪು ನೀರಲ್ಲಿ ಅದ್ದಿ ಮೆಲ್ಲಗೆ ಹಿಂಡತೊಡಗಿದಳು.